ಹೆದ್ದಾರಿ ಬದಿಯ ಕಿಟಕಿಗೆ ಇನ್ನೊಂದು ಗಾಜು

ಕಾರವಾರ–ಅಂಕೋಲಾ ನಡುವೆ ಚತುಷ್ಪಥದ ಪಕ್ಕ ಮಲಗುವವರಿಗೆ ನಿದ್ದೆ ದುಬಾರಿಯಾಗಿದೆ. ಇದ್ದ ಕಿಟಕಿಯನ್ನು ಕೀಳದೆ ಒಳಬದಿಗೆ ಇನ್ನೊಂದು ಗಾಜಿನ ಕದ ಕೂರಿಸಿದರೆ ಸದ್ದು ಎಷ್ಟು ಇಳಿದೀತು? ಸೆಖೆಗೇನು ಮಾಡುವುದು? ಇಲ್ಲಿನ ಮಳೆ, ಉಪ್ಪುಗಾಳಿ ಆ ಗಾಜನ್ನು ಬಾಳಗೊಟ್ಟಾವೇ?

ಮಧ್ಯರಾತ್ರಿ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡುವುದು ಬಹುಪಾಲು ಭಾರದ ಗಾಡಿಗಳೇ. ಕೇರಳದಿಂದ ಮುಂಬೈಗೆ ಹೊರಟ ಕಂಟೇನರ್, ಮಲ್ಪೆ–ಮಂಗಳೂರಿನ ಮೀನು ಹೊತ್ತು ಬೆಳಗಾಗುವುದರೊಳಗೆ ಗೋವಾ ಸೇರಬೇಕಾದ ಲಾರಿ, ಹುಬ್ಬಳ್ಳಿ ಕಡೆಯಿಂದ ಅರಬೈಲ್ ಘಟ್ಟ ಇಳಿದು ಬಾಳೆಗುಳಿಯಲ್ಲಿ ಬಂದು ಕೂಡುವ ಟ್ಯಾಂಕರ್, ತಡವಾದ ಸ್ಲೀಪರ್ ಬಸ್ಸು. ಹಗಲಲ್ಲಿ ಇವುಗಳ ಸದ್ದು ಊರಿನ ಗದ್ದಲದಲ್ಲಿ ಕರಗಿಹೋಗುತ್ತದೆ. ರಾತ್ರಿ ಹಾಗಲ್ಲ, ಒಂದೊಂದು ಗಾಡಿಯೂ ಬೇರೆ ಬೇರೆಯಾಗಿ ಕೇಳುತ್ತದೆ. ದೂರದಿಂದ ಬರುವ ಗುಡುಗುಡು, ಮನೆ ಮುಂದೆ ಹಾದಾಗಿನ ಗದ್ದರಿಕೆ, ಆಮೇಲೆ ಟಯರಿನ ಸುಯ್ಯೆನ್ನುವ ಬಾಲ. ಹಟ್ಟಿಕೇರಿಯ ಟೋಲ್ ಹತ್ತಿರ ಇದ್ದವರಿಗೆ ಬ್ರೇಕು, ಗೇರು, ಮತ್ತೆ ವೇಗ ಹಿಡಿಯುವ ಎಂಜಿನ್ನಿನ ಏದುಸಿರು ಬೇರೆ.

ಈ ರಸ್ತೆ ಮೊದಲೂ ಇತ್ತು. 2010ರಲ್ಲಿ ಸಂಖ್ಯೆ ಬದಲಾಗುವ ತನಕ ಅದು ಹೆದ್ದಾರಿ 17. ಎರಡು ಗಾಡಿ ಎದುರುಬದುರಾದರೆ ಒಂದು ಮಣ್ಣಿಗಿಳಿಯಬೇಕಾದ, ಎರಡೂ ಕಡೆ ಮರಗಳಿದ್ದ, ವೇಗಕ್ಕೆ ಆಸ್ಪದವಿಲ್ಲದ ದಾರಿ. ಕಳೆದ ದಶಕದಲ್ಲಿ ಅದು ನಾಲ್ಕು ಪಥವಾಯಿತು. ಕಾರವಾರದಲ್ಲಿ ಕಡಲ ದಂಡೆಗುಂಟ ಮೇಲ್ಸೇತುವೆ ಎದ್ದಿತು, ಬೈತಖೋಲ ಬಳಿ ಗುಡ್ಡ ಕೊರೆದು ಬಿಣಗಾ ಕಡೆಗೆ ಸುರಂಗ ಬಂತು. ಅಗಲೀಕರಣದಲ್ಲಿ ಅಂಗಳ, ತೆಂಗಿನ ಮರ, ಪಾಗಾರ ಹೋದ ಮನೆಗಳೆಷ್ಟೋ. ಮನೆ ಉಳಿಯಿತು, ಮನೆಗೂ ರಸ್ತೆಗೂ ನಡುವೆ ಇದ್ದ ದೂರ ಉಳಿಯಲಿಲ್ಲ. ಮೊದಲು ಜಗಲಿಯವರೆಗೆ ಬಂದು ನಿಲ್ಲುತ್ತಿದ್ದ ಸದ್ದು ಈಗ ನೇರ ಮಲಗುವ ಕೋಣೆಗೆ ಬರುತ್ತದೆ.

ಕಾನೂನಿನ ಲೆಕ್ಕ ಹೀಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಭಾರದ ಲಾರಿಯೊಂದು ಐವತ್ತು ಅಡಿ ದೂರದಲ್ಲಿ ಹಾದುಹೋದರೆ ಆ ಗಳಿಗೆಯ ಸದ್ದು 80ರ ಆಸುಪಾಸು. ನಿಯಮ ಹೇಳುವುದು ಸರಾಸರಿಯನ್ನು, ನಿದ್ದೆ ಕೆಡಿಸುವುದು ಆ ಒಂದು ಗಳಿಗೆ. ಹತ್ತು ಡೆಸಿಬೆಲ್ ಕಡಿಮೆಯಾದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧಕ್ಕೆ ಇಳಿದಂತೆ ಕೇಳುತ್ತದೆ. ಆದ್ದರಿಂದ ಇಪ್ಪತ್ತು ಡೆಸಿಬೆಲ್ ಇಳಿಸಿಕೊಂಡರೂ ದೊಡ್ಡ ಗೆಲುವೇ.

ಈ ಇಪ್ಪತ್ತನ್ನು ಗಳಿಸುವ ಅಗ್ಗದ ದಾರಿ, ಇದ್ದ ಕಿಟಕಿಯನ್ನು ಇದ್ದಲ್ಲೇ ಬಿಟ್ಟು ಒಳಗಡೆ ಇನ್ನೊಂದು ಗಾಜಿನ ಕದ ಕೂರಿಸುವುದು. ಚಳಿ ದೇಶಗಳಲ್ಲಿ ಇದು ಹಳೆಯ ರೂಢಿ. ನಮ್ಮ ಕರಾವಳಿಗೆ ಅದನ್ನು ತರುವಾಗ ಎರಡು ವಿಷಯ ಮೊದಲೇ ಮನಸ್ಸಿನಲ್ಲಿರಬೇಕು: ಇಲ್ಲಿ ಈ ಗಾಜು ಸದ್ದಿಗೆ ಮದ್ದು, ಸೆಖೆಗಲ್ಲ. ಮತ್ತು ಅದು ತೆರೆಯಲು ಬರುವಂತಿರಬೇಕು.

ಅಗರಬತ್ತಿಯ ಪರೀಕ್ಷೆ

ಅವರ್ಸಾ ಕಡೆ ರಸ್ತೆಗೆ ಮುಖಮಾಡಿದ ಒಂದು ಮನೆ. ನಿವೃತ್ತ ಮಾಸ್ತರರದು. ಚಿರೇಕಲ್ಲಿನ ಗೋಡೆ, ಮುಂದಿನ ಕೋಣೆಗೆ ಸಾಗುವಾನಿ ಚೌಕಟ್ಟಿನ ಎರಡು ಕಿಟಕಿ, ನಡುವೆ ಕಬ್ಬಿಣದ ಸರಳು, ಹೊರಕ್ಕೆ ತೆರೆಯುವ ಕದ. ಅಲ್ಯುಮಿನಿಯಂ ಕೆಲಸದ ಹುಡುಗ ಅಳತೆಗೆ ಬಂದಿದ್ದಾನೆ. ಟೇಪು ಹೊರತೆಗೆಯುವ ಮೊದಲು ದೇವರ ಕೋಣೆಯಿಂದ ಒಂದು ಅಗರಬತ್ತಿ ಕೇಳಿ ತರಿಸಿಕೊಂಡ. ಫ್ಯಾನ್ ಆರಿಸಿ, ಕದ ಮುಚ್ಚಿ, ಚಿಲಕ ಹಾಕಿ, ಬತ್ತಿಯನ್ನು ಕದದ ಅಂಚಿಗುಂಟ ನಿಧಾನವಾಗಿ ಆಡಿಸುತ್ತ ಹೋದ. ಕೆಳಗಿನ ಪಟ್ಟಿಯ ಹತ್ತಿರ ಹೊಗೆ ಒಳಕ್ಕೆ ಬಾಗಿತು. ಎರಡು ಕದ ಕೂಡುವ ನಡುಗೆರೆಯಲ್ಲಿ ಚದುರಿಹೋಯಿತು. ಮೇಲಿನ ಗವಾಕ್ಷಿಯ ಹತ್ತಿರವಂತೂ ನಿಲ್ಲಲೇ ಇಲ್ಲ.

"ಗಾಜು ಎಷ್ಟು ದಪ್ಪದ್ದು ಹಾಕಿದ್ರೂ ಈ ಸಂದು ಬಿಟ್ರೆ ಎಂತಾ ಉಪಯೋಗ ಇಲ್ಲ ಮಾಸ್ತರ್ರೇ," ಎಂದ. "ಗಾಳಿ ಬರೂ ಜಾಗದಲ್ಲೆಲ್ಲ ಸದ್ದೂ ಬರ್ತದೆ."

"ಒಂದು ನೂಲು ಸಂದು ಅಷ್ಟೇ ಅಲ್ವೋ ತಮ್ಮಾ?"

"ಸುತ್ತಾ ಒಂದು ನೂಲು ಅದೆ. ಕೂಡಿಸಿ ನೋಡಿ."

ಮಾಸ್ತರರು ಗಣಿತದವರು, ಕೂಡಿಸಿಯೇ ನೋಡಿದರು. ಕಿಟಕಿ ನಾಲ್ಕು ಅಡಿ ಎತ್ತರ, ಮೂರೂವರೆ ಅಡಿ ಅಗಲ. ಸುತ್ತಳತೆ ಹದಿನೈದು ಅಡಿ, ನಡುವೆ ಕದ ಕೂಡುವಲ್ಲಿ ಇನ್ನೂ ನಾಲ್ಕು. ಹತ್ತೊಂಬತ್ತು ಅಡಿ ಉದ್ದಕ್ಕೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು. ಎಲ್ಲ ಒಟ್ಟು ಮಾಡಿದರೆ ಅಂಗೈ ಅಗಲಕ್ಕೂ ಮೀರಿದ ತೂತು. ಕಿಟಕಿಯ ವಿಸ್ತೀರ್ಣದ ಶೇ 1ಕ್ಕಿಂತ ಹೆಚ್ಚು. ಶಬ್ದಶಾಸ್ತ್ರದ ಲೆಕ್ಕದಲ್ಲಿ ಶೇ 1 ತೆರೆದಿರುವ ಗೋಡೆ, ಉಳಿದ ಭಾಗ ಉಕ್ಕಿನದೇ ಇರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಗಾಜಿನ ದಪ್ಪಕ್ಕೆ ದುಡ್ಡು ಸುರಿಯುವ ಮೊದಲು ರಬ್ಬರ್ ಪಟ್ಟಿಗೆ ಸುರಿಯಬೇಕು ಎನ್ನುವುದು ಇದಕ್ಕೇ.

ಹಾಗಾಗಿ ಮೊದಲ ಕೆಲಸ ಹಳೆಯ ಕಿಟಕಿಯದೇ ರಿಪೇರಿ. ಜೋತುಬಿದ್ದ ಬಿಜಾಗರಿ ಬಿಗಿಮಾಡಿ, ಮಳೆಗೆ ಉಬ್ಬಿದ ಅಂಚನ್ನು ಕೀಸುಳಿಯಿಂದ ಸಮಮಾಡಿ, ಕದ ಬಂದು ಕೂರುವ ಹೊಲಿಗೆಗೆ ರಬ್ಬರ್ ಅಂಟಿಸಿ, ಚೌಕಟ್ಟಿಗೂ ಗೋಡೆಗೂ ನಡುವೆ ಗಾರೆ ಉದುರಿದಲ್ಲಿ ತುಂಬಬೇಕು. ರಸ್ತೆ ಕಡೆಯ ಗವಾಕ್ಷಿಗೆ ಒಳಗಿನಿಂದ ಗಾಜು ಇಲ್ಲವೇ ದಪ್ಪ ಪ್ಲೈವುಡ್ ಮುಚ್ಚಳ ಬೇಕು. ಏಸಿಯ ಪೈಪು ಹಾದುಹೋದ ತೂತು, ಹಳೆ ಎಕ್ಸಾಸ್ಟ್ ಫ್ಯಾನಿನ ಗೂಡು, ಕೇಬಲ್ ಟಿವಿಯವರು ಚೌಕಟ್ಟಿಗೇ ಕೊರೆದುಹೋದ ರಂಧ್ರ, ಯಾವುದನ್ನೂ ಬಿಡುವಂತಿಲ್ಲ.

ಹಳೆ ಮರದ ಕದವನ್ನು ಕಿತ್ತೆಸೆಯಬೇಡಿ ಎನ್ನಲು ಇನ್ನೊಂದು ಕಾರಣವಿದೆ. ಸದ್ದನ್ನು ತಡೆಯುವುದು ಮುಖ್ಯವಾಗಿ ತೂಕ. ಒಂದಿಂಚು ದಪ್ಪದ ಸಾಗುವಾನಿ ಹಲಗೆ ಚದರ ಮೀಟರಿಗೆ ಸುಮಾರು 16 ಕೆ.ಜಿ. ತೂಗುತ್ತದೆ, 6 ಮಿ.ಮೀ. ಗಾಜು 15 ಕೆ.ಜಿ. ಅಜ್ಜ ಮಾಡಿಸಿಟ್ಟ ಕದ ಸಂದಿಲ್ಲದೆ ಕೂತರೆ ಅಂಗಡಿಯ ದಪ್ಪ ಗಾಜಿಗೆ ಅದು ಕಡಿಮೆಯೇನಲ್ಲ. ಅದನ್ನು ಕಿತ್ತು ತೆಳ್ಳನೆಯ ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿಸಿಕೊಂಡವರ ಮನೆಯಲ್ಲಿ ಸದ್ದು ಹೆಚ್ಚಿದರೆ ಆಶ್ಚರ್ಯವಿಲ್ಲ. ಎರಡು ಹಳಿಯ ಸಾಮಾನ್ಯ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಕದ ಇನ್ನೊಂದನ್ನು ದಾಟಿ ಸರಿಯಬೇಕು, ಆದ್ದರಿಂದ ಬ್ರಷ್ಷಿನ ಪಟ್ಟಿಯ ನಡುವೆ ಸಂದು ಉಳಿದೇ ಉಳಿಯುತ್ತದೆ.

ಗಾಜಿಗಿಂತ ನಡುವಿನ ಗಾಳಿ ಮುಖ್ಯ

ಕಾರ್ಖಾನೆಯಲ್ಲೇ ಎರಡು ಗಾಜು ಬೆಸೆದು ಬರುವ ಡಬಲ್ ಗ್ಲೇಜಿಂಗ್ ಕಿಟಕಿಯೂ ಈಗ ಸಿಗುತ್ತದೆ. ಎರಡು ಗಾಜಿದೆಯಲ್ಲ, ಸದ್ದೂ ಎರಡರಷ್ಟು ನಿಲ್ಲಬೇಕು ಎಂದು ನಂಬಿ ಕೊಳ್ಳುವವರಿದ್ದಾರೆ. ಲಾರಿಯ ವಿಷಯದಲ್ಲಿ ಈ ನಂಬಿಕೆ ಕೈಕೊಡುತ್ತದೆ.

ಎರಡು ಗಾಜಿನ ನಡುವೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಯಾವುದೋ ಒಂದು ಸ್ವರಕ್ಕೆ ಎರಡೂ ಗಾಜು ಆ ಸ್ಪ್ರಿಂಗಿನ ಮೇಲೆ ಒಟ್ಟಿಗೆ ಕುಣಿಯತೊಡಗುತ್ತವೆ. ಆ ಸ್ವರದಲ್ಲಿ ಎರಡು ಗಾಜಿದ್ದೂ ಇಲ್ಲದಂತೆಯೇ, ಕೆಲವೊಮ್ಮೆ ಒಂದೇ ಗಾಜಿಗಿಂತ ಕಡೆ. 4 ಮಿ.ಮೀ.ನ ಎರಡು ಗಾಜಿನ ನಡುವೆ 12 ಮಿ.ಮೀ. ಗಾಳಿ ಇದ್ದರೆ ಈ ಸ್ವರ ಸೆಕೆಂಡಿಗೆ ಸುಮಾರು 245 ಕಂಪನದಲ್ಲಿ ಬರುತ್ತದೆ. ಭಾರದ ಡೀಸೆಲ್ ಗಾಡಿಯ ಗುಡುಗುಡು ಇರುವುದೂ ಇಂಥ ತಗ್ಗು ಸ್ವರಗಳಲ್ಲೇ. ಅದೇ ಗಾಜುಗಳನ್ನು 100 ಮಿ.ಮೀ., ಅಂದರೆ ನಾಲ್ಕು ಇಂಚು ದೂರವಿಟ್ಟರೆ ಈ ದೌರ್ಬಲ್ಯ 85ಕ್ಕೆ ಇಳಿಯುತ್ತದೆ. ಒಳಗಿನದು 6 ಮಿ.ಮೀ. ಆದರೆ 80ಕ್ಕೂ ಕೆಳಗೆ. ಅಲ್ಲಿಂದ ಮೇಲಿನ ಸ್ವರಗಳಿಗೆಲ್ಲ ಎರಡು ಗಾಜು ನಿಜವಾಗಿಯೂ ಎರಡು ಗಾಜಿನ ಕೆಲಸ ಮಾಡುತ್ತವೆ.

ಒಳಗಡೆಯಿಂದ ಪ್ರತ್ಯೇಕವಾಗಿ ಕೂರಿಸುವ ಗಾಜಿಗೆ ಬೆಸೆದ ಡಬಲ್ ಗ್ಲೇಜಿಂಗನ್ನು ಸದ್ದಿನ ಲೆಕ್ಕದಲ್ಲಿ ಹಿಂದೆ ಹಾಕುವ ಶಕ್ತಿ ಬರುವುದು ಈ ನಾಲ್ಕು ಇಂಚಿನಿಂದ. ಬೆಸೆದ ಕಿಟಕಿ ಸಾಮಾನ್ಯವಾಗಿ 30 ಡೆಸಿಬೆಲ್ ಆಸುಪಾಸು ತಡೆದರೆ, ನಾಲ್ಕರಿಂದ ಎಂಟು ಇಂಚು ಬಿಟ್ಟು ಬಿಗಿಯಾಗಿ ಕೂರಿಸಿದ ಒಳಗಾಜು ಹಳೆ ಕಿಟಕಿಯೊಂದಿಗೆ ಸೇರಿ 40 ಮುಟ್ಟಬಲ್ಲದು. ಹೊರಗೆ 80 ಇದ್ದದ್ದು ಒಳಗೆ 40–45. ಕಿಟಕಿ ತೆರೆದಿಟ್ಟರೆ ಸಿಗುವುದು ಹತ್ತು–ಹದಿನೈದರ ಇಳಿತ, ಹಳೆ ಕದ ಹಾಗೇ ಮುಚ್ಚಿದರೆ ಇಪ್ಪತ್ತರಷ್ಟು.

ನಾಲ್ಕು ಇಂಚು ಎಲ್ಲಿಂದ ತರುವುದು? ಇಲ್ಲಿ ನಮ್ಮ ಚಿರೇಕಲ್ಲು ನೆರವಿಗೆ ಬರುತ್ತದೆ. ಹಳೆ ಮನೆಗಳ ಗೋಡೆ ಒಂದು ಅಡಿಗೆ ಕಡಿಮೆ ಇರುವುದು ಅಪರೂಪ. ಚೌಕಟ್ಟು ಹೊರಬದಿಗೆ ಇದ್ದರೆ ಒಳಗೆ ಮಕ್ಕಳು ಕೂರುವಷ್ಟು ಜಾಗ ಇರುತ್ತದೆ. ಆ ಅಂಚಿನಲ್ಲೇ ಹೊಸ ಚೌಕಟ್ಟು ನಿಲ್ಲಿಸಿದರಾಯಿತು. ಹೊಸ ಕಾಂಕ್ರೀಟು ಮನೆಗಳ ಆರಿಂಚಿನ ಬ್ಲಾಕ್ ಗೋಡೆಯಲ್ಲಿ ಮಾತ್ರ ಒಳಕ್ಕೆ ಚಾಚಿದ ಪೆಟ್ಟಿಗೆಯಂಥ ಚೌಕಟ್ಟು ಮಾಡಿಸಬೇಕಾಗುತ್ತದೆ.

ಒಳಗಿನ ಗಾಜು ಹೊರಗಿನಷ್ಟೇ ದಪ್ಪ ಇರಬಾರದು ಎನ್ನುವುದೂ ಒಂದು ಸೂತ್ರ. ಪ್ರತಿ ದಪ್ಪಕ್ಕೂ ಒಂದು ಏರುಸ್ವರದಲ್ಲಿ ಸೋರುವ ಚಾಳಿ ಇದೆ: 4 ಮಿ.ಮೀ. ಗಾಜಿಗೆ ಅದು ಸುಮಾರು 3000 ಕಂಪನದಲ್ಲಿ, 6ಕ್ಕೆ 2000ದಲ್ಲಿ. ಎರಡೂ ಒಂದೇ ದಪ್ಪವಾದರೆ ಎರಡೂ ಒಂದೇ ಕಡೆ ಸೋರುತ್ತವೆ. ಬೇರೆ ಬೇರೆಯಾದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದರೆ ನಡುವೆ ತೆಳು ಪದರ ಇಟ್ಟು ಒತ್ತಿದ ಲ್ಯಾಮಿನೇಟೆಡ್ ಗಾಜು ಇನ್ನೂ ಮೇಲು. ಒಡೆದರೂ ಚೂರು ಉದುರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಕನಿಷ್ಠ ಟಫನ್ಡ್ ಗಾಜಾದರೂ ಬೇಕು. ಹಗುರವೆಂದು ಅಕ್ರಿಲಿಕ್ ಹಾಳೆ ಹಾಕಿಸುವವರು ಒಂದು ನೆನಪಿಡಬೇಕು: ಅದೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ ತೂಕ ಅದರದು. ತೂಕವಿಲ್ಲದಲ್ಲಿ ತಡೆಯೂ ಇಲ್ಲ.

ಮಾಸ್ತರರ ಮನೆಯ ಕಿಟಕಿಗೆ 6 ಮಿ.ಮೀ. ಗಾಜು ಹಾಕಿದರೆ ಗಾಜೇ 19–20 ಕೆ.ಜಿ. ಆಗುತ್ತದೆ. ಒಂದೇ ಕದ ಮಾಡಿದರೆ ಬಿಜಾಗರಿ ವರ್ಷದೊಳಗೆ ಜೋಲುತ್ತದೆ, ಜೋತ ಕಡೆ ಮತ್ತೆ ಸಂದು. ಎರಡು ಕದ ಮಾಡಿ, ಒಳಕ್ಕೆ ತೆರೆಯುವಂತಿಟ್ಟು, ಸುತ್ತಲೂ ರಬ್ಬರಿಗೆ ಒತ್ತಿ ಕೂರುವ ಹಿಡಿಕೆ ಹಾಕುವುದೇ ಸರಿ. ಸರಳಿನ ನಡುವೆ ಕೈ ಹಾಕಿ ಹೊರಗಿನ ಕದ ತೆರೆಯುವುದಕ್ಕೂ ಆಗ ಅಡ್ಡಿಯಿಲ್ಲ.

ಉಪ್ಪು, ತುಕ್ಕು, ಬೂಷ್ಟು

ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಬಾಳುವ ಸ್ಕ್ರೂ ಕಾರವಾರದಲ್ಲಿ ಎರಡು ಮಳೆಗಾಲಕ್ಕೆ ಕಂದು ಕಣ್ಣೀರು ಸುರಿಸುತ್ತದೆ. ಕಡಲ ಗಾಳಿಯ ಉಪ್ಪು ಮೊದಲು ತಿನ್ನುವುದು ಕಣ್ಣಿಗೆ ಬೀಳದ ಸಣ್ಣ ಸಾಮಾನನ್ನು: ಸ್ಕ್ರೂ, ಬಿಜಾಗರಿಯ ಕಡ್ಡಿ, ಚಿಲಕದ ಸ್ಪ್ರಿಂಗು. ಚೌಕಟ್ಟಿಗೆ ಯುಪಿವಿಸಿ ಅಥವಾ ದಪ್ಪ ಪೌಡರ್ ಕೋಟಿಂಗ್ ಆದ ಅಲ್ಯುಮಿನಿಯಂ, ಸ್ಕ್ರೂ–ಬಿಜಾಗರಿಗೆ ಸ್ಟೇನ್‌ಲೆಸ್ ಸ್ಟೀಲು. ಸ್ಟೇನ್‌ಲೆಸ್‌ನಲ್ಲೂ ಅಂಗಡಿಯವರು ಕೊಡುವುದು ಸಾಮಾನ್ಯವಾಗಿ 304 ದರ್ಜೆ, ದಂಡೆಯ ಮನೆಗಳಲ್ಲಿ ಅದಕ್ಕೂ ಕಂದು ಕಲೆ ಹತ್ತುತ್ತದೆ. 316 ಕೇಳಿ ಪಡೆಯಬೇಕು. ಕಬ್ಬಿಣದ ಸ್ಕ್ರೂವನ್ನು ಅಲ್ಯುಮಿನಿಯಂಗೆ ಹಾಕಿದರೆ ಉಪ್ಪುನೀರಿನ ಸಾಕ್ಷಿಯಲ್ಲಿ ಎರಡೂ ಬೇಗ ಹಾಳು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ತೇವ. ಯುರೋಪಿನ ಕೈಪಿಡಿಗಳು ಒಳಗಿನ ಗಾಜನ್ನು ಬಿಗಿಯಾಗಿ, ಹೊರಗಿನ ಹಳೆ ಕಿಟಕಿಯನ್ನು ತುಸು ಸಡಿಲವಾಗಿ ಇಡಿ ಎನ್ನುತ್ತವೆ. ಅಲ್ಲಿ ಮನೆಯೊಳಗಿನ ಗಾಳಿ ಬೆಚ್ಚಗೆ, ತೇವವಾಗಿ ಇರುತ್ತದೆ, ಹೊರಗಿನದು ತಣ್ಣಗೆ, ಒಣಗಿರುತ್ತದೆ. ನಮ್ಮಲ್ಲಿ ಏಸಿ ಹಾಕಿದ ಕೋಣೆಯಲ್ಲಿ ಇದು ತಿರುಗಾಮುರುಗಾ. 29 ಡಿಗ್ರಿ ಬಿಸಿಯ, ಶೇ 80 ತೇವಾಂಶದ ಹೊರಗಾಳಿ 25 ಡಿಗ್ರಿಯ ಮೈ ತಾಗಿದರೆ ಸಾಕು, ನೀರಾಗಿ ಇಳಿಯುತ್ತದೆ. ಏಸಿಯನ್ನು 22ಕ್ಕೆ ಇಟ್ಟರೆ ಒಳಗಿನ ಗಾಜು 24ರ ಆಸುಪಾಸಿಗೆ ತಣಿಯುತ್ತದೆ. ಹೊರಗಿನ ಕಿಟಕಿಯ ಸಂದಿನಿಂದ ನುಗ್ಗಿದ ತೇವ ಅದರ ಬೆನ್ನಿಗೆ, ನಮ್ಮ ಕೈಗೆಟುಕದ ಕಡೆಗೆ ಹನಿಗಟ್ಟುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಅಜ್ಜನ ಸಾಗುವಾನಿ ಚೌಕಟ್ಟಿನ ಮೇಲೆ ಬೂಷ್ಟು.

ಮದ್ದು ಸುಲಭವಿದೆ. ಹೊರಗಿನ ಕಿಟಕಿಗೂ ರಬ್ಬರ್ ಹಾಕಿ ಸಂದು ಮುಚ್ಚುವುದು, ನಡುವಿನ ಜಾಗ ಒರೆಸಲು ಬರುವಂತೆ ಒಳಗದ ತೆರೆಯುವ ವ್ಯವಸ್ಥೆ ಇಡುವುದು, ಏಸಿಯನ್ನು 26ಕ್ಕೆ ನಿಲ್ಲಿಸಿ ಫ್ಯಾನ್ ಹಾಕಿಕೊಳ್ಳುವುದು. ಕೋಣೆಯೇ 26ರಲ್ಲಿದ್ದರೆ ಯಾವ ಗಾಜೂ ಅದಕ್ಕಿಂತ ಕೆಳಗಿಳಿಯಲಾರದು, ಮೇಲಿನ ಲೆಕ್ಕದ ಹೊರಗಾಳಿಗೆ ಹನಿಯುವ ಅವಕಾಶವೇ ಇಲ್ಲ. 2020ರಿಂದ ದೇಶದ ಏಸಿಗಳು ಕಾರ್ಖಾನೆಯಿಂದ 24 ಡಿಗ್ರಿಗೆ ಹೊಂದಿಸಿಯೇ ಬರುತ್ತಿವೆ. ಕರಾವಳಿಯ ಎರಡು ಗಾಜಿನ ಕೋಣೆಗೆ ಇನ್ನೂ ಎರಡು ಡಿಗ್ರಿ ಮೇಲಿದ್ದರೆ ಒಳ್ಳೆಯದು.

ಸೆಖೆಗೆ ಗಾಜಲ್ಲ, ನೆರಳು

ಕರೆಂಟು ಬಿಲ್ಲು ಅರ್ಧವಾಗುತ್ತದೆ ಎಂದು ಮಾರಾಟದವರು ಹೇಳಿದರೆ ಕಾಗದ–ಪೆನ್ನು ತೆಗೆದುಕೊಳ್ಳಿ. ಒಂಟಿ ಗಾಜಿನ ಮೂಲಕ ಪ್ರತಿ ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.8 ವಾಟ್ ಶಾಖ ಹಾಯುತ್ತದೆ. ಎರಡು ಗಾಜಾದರೆ ಅದು 2.8ರಷ್ಟು. ಅರ್ಧ ಎನ್ನುವುದು ಅಷ್ಟರಮಟ್ಟಿಗೆ ಸುಳ್ಳಲ್ಲ. ಆದರೆ ಯಾವುದರ ಅರ್ಧ? ಹೊರಗೆ 33, ಒಳಗೆ 26 ಡಿಗ್ರಿ ಇದ್ದಾಗ ಮಾಸ್ತರರ ಮನೆಯ 1.3 ಚದರ ಮೀಟರಿನ ಗಾಜಿನಲ್ಲಿ ಒಳಬರುವುದು 53 ವಾಟ್, ಎರಡನೇ ಗಾಜು ಹಾಕಿದರೆ 25. ಉಳಿದದ್ದು ಒಬ್ಬ ಮನುಷ್ಯನ ಮೈಶಾಖಕ್ಕೂ ಕಡಿಮೆ. ಲಂಡನ್ನಿನ ಚಳಿಗಾಲದಲ್ಲಿ ಒಳಹೊರಗಿನ ವ್ಯತ್ಯಾಸ 15 ಡಿಗ್ರಿಯ ಆಸುಪಾಸು, ಅದೂ ತಿಂಗಳುಗಟ್ಟಲೆ, ಹಗಲೂ ರಾತ್ರಿ. ಅಲ್ಲಿನ ಲೆಕ್ಕ ಇಲ್ಲಿಗೆ ಕೂಡದು.

ನಮ್ಮ ಶಾಖ ಬರುವುದು ಬಿಸಿಲಿನಿಂದ. ಪಡುವಣ ಕಿಟಕಿಗೆ ಇಳಿಹೊತ್ತಿನ ಬಿಸಿಲು ಚದರ ಮೀಟರಿಗೆ 500 ವಾಟ್ ಬಿದ್ದರೆ ಆ ಒಂದೇ ಕಿಟಕಿಯ ಒಂಟಿ ಗಾಜಿನಿಂದ 550 ವಾಟ್‌ನಷ್ಟು ಒಳಬರುತ್ತದೆ. ಎರಡನೇ ಪಾರದರ್ಶಕ ಗಾಜು ಅದರಲ್ಲಿ ಅರುವತ್ತು–ಎಪ್ಪತ್ತು ವಾಟ್ ಕಡಿಮೆ ಮಾಡೀತು. ಹೊರಗೊಂದು ಬಿದಿರಿನ ಚಿಕ್ಕು, ಮುಂಚಾಚಿದ ಹಂಚಿನ ಮಾಡು, ಇಲ್ಲವೇ ಒಂದು ಕರಿ ಇಶಾಡು ಮಾವಿನ ಮರ ಬಹುಪಾಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೆಯುತ್ತದೆ. ಒಳಗಾಜಿನಿಂದ ಏಸಿಗೆ ನಿಜವಾಗಿ ಸಿಗುವ ಲಾಭ ಸಂದು ಮುಚ್ಚಿದ್ದರಿಂದ ಬರುವಂಥದು: ತೇವದ ಗಾಳಿ ಒಳಬರದೆ ಏಸಿಗೆ ನೀರು ಹಿಂಡುವ ಕೆಲಸ ತಗ್ಗುತ್ತದೆ.

ಪಡುಗಾಳಿ, ಮೂಡುಗಾಳಿ

ಈ ಸೀಮೆಯ ಕಿಟಕಿಗಳು ಮುಚ್ಚಲೆಂದು ಹುಟ್ಟಿದವಲ್ಲ. ಕಾಳಿ ನದಿಯಾಚೆ ಗೋವಾದ ಹಳೆ ಮನೆಗಳಲ್ಲಿ ಗಾಜಿನ ಜಾಗದಲ್ಲಿ ಸಿಂಪಿನ ಚಿಪ್ಪು ಕೂರಿಸುತ್ತಿದ್ದರು, ಈಚೆ ಮರದ ಕದ, ಸರಳು, ಮೇಲೊಂದು ಗವಾಕ್ಷಿ. ಎರಡರ ಉದ್ದೇಶವೂ ಮಳೆ ತಡೆದು ಗಾಳಿಯಾಡಿಸುವುದು. ವಸತಿ ಕಟ್ಟಡಗಳ ಇಂಧನ ಮಿತವ್ಯಯಕ್ಕೆಂದು ಬಂದ 2018ರ ಇಕೋ ನಿವಾಸ ಸಂಹಿತೆಯೂ ಇದನ್ನೇ ಹೇಳುತ್ತದೆ: ಸೆಖೆ–ತೇವದ ಪ್ರದೇಶದಲ್ಲಿ ತೆರೆಯಬಲ್ಲ ಕಿಟಕಿ–ಬಾಗಿಲು ನೆಲದ ವಿಸ್ತೀರ್ಣದ ಆರನೇ ಒಂದು ಪಾಲಿಗೆ ಕಡಿಮೆ ಇರಬಾರದು. ಬೇರೆ ಹವೆಯ ಪ್ರದೇಶಗಳಿಗೆಲ್ಲ ಇದಕ್ಕಿಂತ ಕಡಿಮೆ. ಒಳಗಾಜನ್ನು ಸಿಲಿಕೋನ್ ಹಾಕಿ ಶಾಶ್ವತವಾಗಿ ಬಿಗಿದುಬಿಟ್ಟರೆ ಸದ್ದಿನ ಜೊತೆ ಉಸಿರೂ ನಿಲ್ಲುತ್ತದೆ. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆ.

ಈ ತೊಡಕಿಗೆ ಉತ್ತರ ನಮ್ಮ ನೆಲದ ಓರೆಯಲ್ಲೇ ಇದೆ. ಹೆದ್ದಾರಿ ಬಹುಮಟ್ಟಿಗೆ ಕಡಲಿಗೆ ಸಮಾನಾಂತರವಾಗಿ ತೆಂಕು–ಬಡಗಿಗೆ ಓಡುತ್ತದೆ. ಹಗಲು ನೆಲ ಕಾದಾಗ ಕಡಲಿಂದ ಪಡುಗಾಳಿ ಬೀಸುತ್ತದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ರಾತ್ರಿ ನೆಲ ತಣಿದ ಮೇಲೆ ಘಟ್ಟದ ಕಡೆಯಿಂದ ಮೂಡುಗಾಳಿ ತೆಳ್ಳಗೆ ಇಳಿಯುತ್ತದೆ. ರಸ್ತೆಯ ಮೂಡಣಕ್ಕಿರುವ ಮನೆಗೆ ಪಡುಗಾಳಿ ಬರುವುದು ರಸ್ತೆಯ ಕಿಟಕಿಯಿಂದಲೇ. ಹಗಲು ಅದನ್ನು ತೆರೆದಿಡಬೇಕು. ರಾತ್ರಿ ಗಾಳಿ ಹಿತ್ತಿಲ ಕಡೆಯಿಂದ ಬರುವಾಗ ರಸ್ತೆಯ ಕಿಟಕಿಗೆ ಒಳಗಾಜು ಮುಚ್ಚಿದರೆ ನಷ್ಟವೇನೂ ಇಲ್ಲ. ರಸ್ತೆ–ಕಡಲಿನ ನಡುವಿನ ಮನೆಗೆ ಇದರ ಉಲ್ಟಾ: ರಾತ್ರಿಯ ಗಾಳಿ ರಸ್ತೆಯ ಮೇಲಿಂದ ಬರುತ್ತದೆ, ಬರುವಾಗ ಲಾರಿಯ ಸದ್ದನ್ನೂ ಹೊತ್ತು ತರುತ್ತದೆ. ಅಂಥವರಿಗೆ ಮಲಗುವ ಕೋಣೆಯನ್ನೇ ಕಡಲ ಬದಿಗೆ ಬದಲಿಸುವುದು ಕೆಲವೊಮ್ಮೆ ಎಲ್ಲ ಗಾಜಿಗಿಂತ ಅಗ್ಗ.

ಮನೆಯ ಎಲ್ಲ ಕಿಟಕಿಗೂ ಇದು ಬೇಡ. ರಸ್ತೆಗೆ ಮುಖಮಾಡಿದ, ಯಾರಾದರೂ ಮಲಗುವ ಕೋಣೆಗೆ ಮಾತ್ರ ಸಾಕು. ಮೃಗಶಿರ ಮಳೆ ಹಿಡಿಯುವ ಮೊದಲು ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ದೀಪಾವಳಿ ಹೊತ್ತಿಗೆ ಬಿಚ್ಚಿಡುತ್ತಿದ್ದ ಊರು ಇದು. ಈಗ ಮಡಲಿನ ಬದಲು ಟಾರ್ಪಾಲು ಬಂದಿದ್ದರೂ ಕಟ್ಟುವ–ಬಿಚ್ಚುವ ಕ್ರಮ ಹೋಗಿಲ್ಲ. ಗಾಜಿನ ಒಳಗದವನ್ನೂ ಆ ಬುದ್ಧಿಯಲ್ಲೇ ಮಾಡಿಸಬೇಕು, ಬೇಕೆಂದಾಗ ಬಿಜಾಗರಿಯಿಂದ ಎತ್ತಿ ಮಂಚದಡಿ ಇಡುವಂತೆ.

ಮಾಡಿನ ಮಾತು ಮರೆಯುವಂತಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ತುಂಬ ಹರಡಿದ ಮಂಗಳೂರು ಹಂಚು, ಹೊದಿಕೆಯ ಸಂದುಗಳಿಂದ ಬಿಸಿಗಾಳಿಯನ್ನು ಹೊರಬಿಡುವ ಜಾಣ ವ್ಯವಸ್ಥೆ. ಆ ಸಂದುಗಳಿಂದಲೇ ಸದ್ದು ಒಳಬರುತ್ತದೆ. ಕೋಣೆಗೆ ಹಲಗೆಯ ಮುಚ್ಚಿಗೆ ಇದ್ದರೆ ಅಥವಾ ಮೇಲೆ ಸ್ಲ್ಯಾಬ್ ಇದ್ದರೆ ಕಿಟಕಿಗೆ ಹಾಕಿದ ದುಡ್ಡು ಸಾರ್ಥಕ. ಬರೀ ಹಂಚು ಕಾಣುವ ಕೋಣೆಯಲ್ಲಿ ಕಿಟಕಿಗೆ ಎಷ್ಟು ಗಾಜು ಹಾಕಿದರೂ ಲಾರಿ ಮಾಡಿನಿಂದ ಇಳಿಯುತ್ತದೆ. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬಂದ ದಿನ ಈ ಮಾತು ಇನ್ನಷ್ಟು ಖರೆಯಾಗಲಿದೆ. ವಿಮಾನದ ಸದ್ದು ಬರುವುದು ಮೇಲಿನಿಂದಲೇ.

ದುಡ್ಡು ಯಾರದು?

ಸದ್ದು ಮಾಡುವವರು ಒಬ್ಬರು, ಕಿಟಕಿಗೆ ಖರ್ಚು ಮಾಡುವವರು ಇನ್ನೊಬ್ಬರು. ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ಬ್ರಿಟನ್ 1970ರ ದಶಕದಲ್ಲೇ ಕೇಳಿಕೊಂಡಿತು. ಅಲ್ಲಿನ 1975ರ ನಿಯಮಗಳ ಪ್ರಕಾರ ಹೊಸ ರಸ್ತೆಯಿಂದ ಅಥವಾ ಅಗಲೀಕರಣದಿಂದ 300 ಮೀಟರ್ ಒಳಗಿನ ಮನೆಯ ಮುಂದೆ ಸಂಚಾರದ ಸದ್ದು 68 ಡೆಸಿಬೆಲ್ ಮುಟ್ಟಿದರೆ, ಹೆಚ್ಚಳಕ್ಕೆ ಆ ರಸ್ತೆಯೇ ಕಾರಣವಾಗಿದ್ದರೆ, ರಸ್ತೆ ಮಾಡಿದ ಸಂಸ್ಥೆಯೇ ಒಳಗಾಜಿನ ಖರ್ಚು ಕೊಡಬೇಕು. ಗಮನಿಸಬೇಕಾದದ್ದು, ಆ ಚಳಿ ದೇಶದಲ್ಲೂ ಬರೀ ಗಾಜು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಜೊತೆಗೆ ಗಾಳಿ ತರುವ ಫ್ಯಾನು, ಬಿಸಿಲು ಬೀಳುವ ಕಿಟಕಿಗೆ ಪರದೆಪಟ್ಟಿ ಕೊಡಬೇಕೆಂದು ನಿಯಮದಲ್ಲೇ ಇದೆ.

ನಮ್ಮಲ್ಲಿ ಅಂಥ ನಿಯಮವಿಲ್ಲ. ಭೂಸ್ವಾಧೀನದ ಕಡತಗಳಲ್ಲಿ ಹೋದ ಗುಂಟೆಗೆ, ಹೋದ ಮರಕ್ಕೆ, ಕೆಡವಿದ ಗೋಡೆಗೆ ಲೆಕ್ಕವಿದೆ. ಉಳಿದ ಮನೆಯ ಕೆಟ್ಟ ನಿದ್ದೆಗೆ ಕಾಲಂ ಇಲ್ಲ. ಬದಲಾಗಿ ಸದ್ದಿನ ಮೂಲದಲ್ಲಿ ಆಗಬೇಕಾದ ಕೆಲಸಗಳಿವೆ. ಬಹುಸ್ವರದ ಏರ್ ಹಾರ್ನನ್ನು ಮೋಟಾರು ವಾಹನ ನಿಯಮ ಎಂದೋ ನಿಷೇಧಿಸಿದೆ, ಜಾರಿ ಮಾಡಬೇಕು ಅಷ್ಟೇ. ಊರೊಳಗಿನ ಮೇಲ್ಸೇತುವೆಯ ಅಂಚಿಗೆ ತಡೆಗೋಡೆ ಎಬ್ಬಿಸಿದರೆ ಮೊದಲ ಮಹಡಿಯ ಮನೆಗಳಿಗೆ ನೇರ ಬೀಳುವ ಸದ್ದು ತಗ್ಗುತ್ತದೆ. ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಸಾಗಿಸುವ ರೋ–ರೋ ನಡೆಸುತ್ತಿದೆ. ಆ ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣವಾಗಿ ಡೀಸೆಲ್ ಎಂಜಿನ್ನಿನ ಸದ್ದೂ ಇಳಿದಿದೆ. ಅದರ ಮೇಲೆ ಹತ್ತುವ ಒಂದೊಂದು ಲಾರಿಯೂ ರಸ್ತೆಯಲ್ಲಿ ಒಂದು ಗದ್ದರಿಕೆ ಕಡಿಮೆ. ನೀತಿಯಿಂದ ಸದ್ದು ನಿಲ್ಲುತ್ತದೆ ಎಂಬುದನ್ನು ಅಂಕೋಲೆಯವರು ಒಮ್ಮೆ ಕಂಡೂ ಇದ್ದಾರೆ. ಬಳ್ಳಾರಿ ಸೀಮೆಯಿಂದ ಬೇಲೆಕೇರಿ, ಕಾರವಾರ ಬಂದರಿಗೆ ಹಗಲಿರುಳು ಅದಿರು ಹೊತ್ತು ಬರುತ್ತಿದ್ದ ಲಾರಿಗಳ ಸಾಲು, ರಾಜ್ಯ ಸರಕಾರ 2010ರ ಜುಲೈನಲ್ಲಿ ಅದಿರು ರಫ್ತು ನಿಷೇಧಿಸಿದ ಮೇಲೆ ಕರಗಿತು. ಅದನ್ನು ನಿಲ್ಲಿಸಿದ್ದು ಯಾವ ಗಾಜೂ ಅಲ್ಲ.

ಅಂಥದ್ದೊಂದು ಆದೇಶ ನಿದ್ದೆಗೋಸ್ಕರ ಬರುವವರೆಗೆ ಮನೆಯವರೇ ಕೈಯಿಂದ ಖರ್ಚು ಮಾಡಬೇಕು. ಹಾಗಿರುವಾಗ ದುಡ್ಡು ಕೊಡುವ ಮೊದಲು ಒಂದು ರಾತ್ರಿಯ ಪರೀಕ್ಷೆ ಮಾಡುವುದು ಲೇಸು. ಕಿಟಕಿ ಮುಚ್ಚಿ, ಒಳಗಡೆಯಿಂದ ದಪ್ಪ ಪ್ಲೈವುಡ್ ಹಲಗೆ ಆನಿಸಿ, ಅಂಚಿಗೆಲ್ಲ ಹಳೆ ರಜಾಯಿ ತುರುಕಿ, ಗವಾಕ್ಷಿಗೂ ಅಷ್ಟೇ ಮಾಡಿ ಮಲಗಿ ನೋಡಬೇಕು. ಮೊಬೈಲಿನ ಡೆಸಿಬೆಲ್ ಆ್ಯಪ್ ಖಚಿತ ಅಂಕಿ ಕೊಡದಿದ್ದರೂ ಮುಂಚಿನ ರಾತ್ರಿಗೂ ಈ ರಾತ್ರಿಗೂ ಇರುವ ವ್ಯತ್ಯಾಸ ತೋರಿಸುತ್ತದೆ. ಸದ್ದು ಕಿವಿಗೆ ಗೊತ್ತಾಗುವಷ್ಟು ಇಳಿದರೆ ಅಲ್ಯುಮಿನಿಯಂ ಅಂಗಡಿಗೆ ಹೋಗಬಹುದು. ಇಳಿಯದಿದ್ದರೆ ಸದ್ದು ಬರುತ್ತಿರುವುದು ಕಿಟಕಿಯಿಂದಲ್ಲ, ಮಾಡಿನಿಂದ. ಆಗ ಕರೆಯಬೇಕಾದ್ದು ಗಾಜಿನವನನ್ನಲ್ಲ, ಮುಚ್ಚಿಗೆ ಹಾಕುವ ಬಡಗಿಯನ್ನು.